ಒಂದು ಬೆರಳು ಸರಿಸಿದ ಗಾಯ

ನನ್ನ ತಮ್ಮ ಪಂಪಾಪತಿ ಸತ್ತಿದ್ದು ಗಂಟಲಮಾರಿಯಿಂದ. ಅಪ್ಪನ ಬಣ್ಣದಿಂದ ಅಲ್ಲ. ನಡೆದಿದ್ದು ಇಷ್ಟೇ. ಇದನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವವರು ಯಾರೂ ಇರಲಿಲ್ಲ. ನಾನು ಹೇಳಿದಾಗ ಹೊಡೆದರು. ಈಗ ಹೊಡೆಯುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸಿನೆಮಾದವರ ಮುಖಕ್ಕೆ ಬಣ್ಣ ಹಚ್ಚಿ ಹಚ್ಚಿ ಮುದುಕಿಯಾದವಳು. ಮೊಮ್ಮಗಳು ಹೊಸಪೇಟೆಯಲ್ಲಿ ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುತ್ತಾಳೆ. ಅವಳ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಯರು, ಅಜ್ಜಿ ನೀವು ಈ ಲೈನಿಗೆ ಹೆಂಗ ಬಂದ್ರಿ ಎಂದು ಕೇಳುತ್ತಾರೆ. ಆಸೆ, ಕನಸು ಅಂತ ಏನಾದರೂ ಹೇಳುತ್ತೇನೆಂದು ಕಾಯುತ್ತಾರೆ. ಆಸೆಯೂ ಇರಲಿಲ್ಲ, ಕನಸೂ ಇರಲಿಲ್ಲ. ಒಂದು ಮನೆಯಲ್ಲಿ ಒಬ್ಬ ಹುಡುಗ ಸತ್ತ. ಅದರ ಹಿಂದೆ ಉಳಿದಿದ್ದೆಲ್ಲ ಬಂತು.

ಕಂಪ್ಲಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಪಡಸಾಲೆ ಒಂದು, ಅಡುಗೆಯ ಕೋಣೆ ಒಂದು, ಹಿಂದೆ ಬಚ್ಚಲು. ಅಕ್ಕಿ ಗಿರಣಿ ಹತ್ತಿರವೇ ಇದ್ದುದರಿಂದ ಗಾಳಿ ತಿರುಗಿದಾಗಲೆಲ್ಲ ತೌಡಿನ ಧೂಳು ಒಳಗೆ ಬಂದು ಕೂರುತ್ತಿತ್ತು. ಅವ್ವ ಎಷ್ಟು ಕಸ ಹೊಡೆದರೂ ನೆಲ ಬೂದಿ ಬಳಿದುಕೊಂಡಂತೆಯೇ ಇರುತ್ತಿತ್ತು. ಅವ್ವನ ಹೆಸರು ತಿಪ್ಪಮ್ಮ, ತವರು ಎಮ್ಮಿಗನೂರು. ಆ ಗಿರಣಿಯಲ್ಲೇ ಅಕ್ಕಿ ಹಸನು ಮಾಡುವ ಕೂಲಿ. ಕೂಲಿಯ ಜೊತೆಗೆ ನುಚ್ಚು ಕೊಡುತ್ತಿದ್ದರು, ಹಾಗಾಗಿ ನಮಗೆ ಬೆಳಗ್ಗೆಯೂ ನುಚ್ಚು, ರಾತ್ರಿಯೂ ನುಚ್ಚು, ಜೊತೆಗೆ ಪುಂಡಿಪಲ್ಯ. ಜೋಳದ ರೊಟ್ಟಿ ಬಡಿಯುತ್ತಿದ್ದದ್ದು ಅಪ್ಪ ಆಟಕ್ಕೆ ಪರಸ್ಥಳಕ್ಕೆ ಹೊರಟ ದಿನ ಮಾತ್ರ. ಅಪ್ಪ ಮಲ್ಲಪ್ಪ ನಾಟಕದವರಿಗೆ ಬಣ್ಣ ಹಚ್ಚುವವನು. ಪಡಸಾಲೆಯ ಬೆಳಕಿಂಡಿಯ ಕೆಳಗೆ ಅವನ ಜಾಗ. ಬಿಸಿಲು ಅಲ್ಲಿ ಕೋಲಿನ ಹಾಗೆ ಇಳಿಯುವ ಹೊತ್ತಿಗೆ ತಗಡಿನ ಪೆಟ್ಟಿಗೆ ತೆರೆದು ಕೂತರೆ ಬಿಳಿಗೆ ಸಫೇದ, ಹಳದಿಗೆ ಅರದಾಳ, ಕಾಡಿಗೆ, ಬಟ್ಟೆಗೆ ಹಾಕುವ ನೀಲಿ, ಒಂದೊಂದನ್ನೇ ಎಣ್ಣೆಯಲ್ಲಿ ಅರೆಯುತ್ತಿದ್ದ. ರಕ್ತ ಬೇಕಾದರೆ ಬೆಲ್ಲದ ಪಾಕಕ್ಕೆ ಕುಂಕುಮ, ಚಿಟಿಕೆ ಕಾಡಿಗೆ. ಕಬ್ಬಿನ ಸೀಮೆ ನಮ್ಮದು, ಬೆಲ್ಲಕ್ಕೆ ಬರವಿರಲಿಲ್ಲ. ಬಟ್ಟಲಲ್ಲಿ ಉಳಿದ ರಕ್ತವನ್ನು ನಾನೂ ಪಂಪನೂ ಬೆರಳು ಹಚ್ಚಿ ನೆಕ್ಕುತ್ತಿದ್ದೆವು. ಅವ್ವ ನೋಡಿದರೆ ಬೈಯುತ್ತಿದ್ದಳು, ಅಪ್ಪ ನಗುತ್ತಿದ್ದ.

ಬಣ್ಣದವರ ಮನೆಯಲ್ಲಿ ಕಟ್ಟಳೆಗಳಿದ್ದವು. ಹಚ್ಚಿದ ಮುಖ ಹೊಸಲು ದಾಟಬಾರದು. ಗಾಯ ಬರೆದಿದ್ದರೆ ಉಳಿದ ಬಣ್ಣಕ್ಕಿಂತ ಮೊದಲು ಅದನ್ನೇ ಒರೆಸಬೇಕು, ಗಾಯ ಇಟ್ಟುಕೊಂಡು ಯಾರೂ ಮಲಗಬಾರದು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಇವತ್ತು ಬರೆದ ಗಾಯವನ್ನು ನಾಳೆ ಅದೇ ಜಾಗದಲ್ಲಿ ಬರೆಯಬಾರದು. ಒಂದು ಬೆರಳಾದರೂ ಸರಿಸಬೇಕು. ಅಪ್ಪನಿಗೆ ಅವನ ಅಪ್ಪ ಹೇಳಿಕೊಟ್ಟಿದ್ದು ಇದು. ಯಾಕೆ ಅಂತ ನಾನು ಒಮ್ಮೆ ಕೇಳಿದ್ದೆ.

"ಗಾಯಕ್ಕ ಜಾಗ ಕಲಿಸಬಾರದು, ಹುಲಿಗಿ. ಕಲೀತಂದ್ರ ನಾವು ಕರೀದಿದ್ರೂ ಬಂದು ಕುಂದರತೈತಿ."

ನಾಟಕದಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ನಿನ್ನೆ ಹುಬ್ಬಿನ ಮೇಲೆ ಇದ್ದದ್ದು ಇವತ್ತು ಹಣೆಯ ನಡುವೆ ಬಂದರೆ ದೂರದಲ್ಲಿ ಕೂತವರಿಗೆ ಏನು ಕಾಣುತ್ತದೆ? ಇವತ್ತಿನ ಊರೇ ಬೇರೆ, ನೋಡುವ ಮಂದಿಯೇ ಬೇರೆ.

ಪಂಪನಿಗೆ ಒಂದೇ ಪಾತ್ರ ಬರುತ್ತಿತ್ತು. ಹಾವು ಕಚ್ಚಿ ಸಾಯುವ ರಾಜನ ಮಗ. ಮಾತು ನಾಲ್ಕೇ ನಾಲ್ಕು, ಆಮೇಲೆ ಸತ್ತು ಮಲಗುವುದು. ಸಾಯುವುದರಲ್ಲಿ ಅವನಷ್ಟು ಹುಷಾರು ದೊಡ್ಡವರಲ್ಲೂ ಇರಲಿಲ್ಲ. ಉಸಿರು ಕಾಣದ ಹಾಗೆ ಮಲಗುತ್ತಿದ್ದ. ಒಮ್ಮೆ ಮಾತ್ರ ಸೊಳ್ಳೆ ಕಚ್ಚಿತೆಂದು ಸತ್ತವನು ಎದ್ದು ಕಾಲು ಕೆರೆದುಕೊಂಡು ಮತ್ತೆ ಸತ್ತ. ಆ ಊರಿನವರು ಅದನ್ನು ತಿಂಗಳುಗಟ್ಟಲೆ ಆಡಿಕೊಂಡರು. ಅವನ ತುಟಿಗೆ, ಪಾದದಲ್ಲಿ ಹಾವು ಕಚ್ಚಿದ ಗಾಯಕ್ಕೆ ಅಪ್ಪ ನೀಲಿಗೆ ಸಫೇದ ಬೆರೆಸಿ ಹಚ್ಚುತ್ತಿದ್ದ. ಸಂಡೂರಿನ ಕಡೆ ಗಣಿ ಕೂಲಿಗಳ ಕ್ಯಾಂಪುಗಳಲ್ಲಿ ಒಮ್ಮೆ ಎರಡು ದಿನ ಸಾಲಾಗಿ ಆಟವಿತ್ತು. ಎರಡನೆಯ ದಿನ ಇನ್ನೊಂದು ಕ್ಯಾಂಪಿಗೆ ಹೋಗುವಾಗ ಲಾರಿ ಕೆಟ್ಟು, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು, ಹೊತ್ತು ಮುಳುಗಿದ ಮೇಲೆ ಮುಟ್ಟಿದೆವು. ಮುಂದೆ ಮಂದಿ ಸಿಳ್ಳೆ ಹೊಡೆಯುತ್ತಿದ್ದರು. ಪಂಪನ ಪಾದದಲ್ಲಿ ಹಿಂದಿನ ದಿನದ ಗಾಯದ ನೀಲಿ ಇನ್ನೂ ಪೂರಾ ಹೋಗಿರಲಿಲ್ಲ. ಅಪ್ಪ ಜಾಗ ಸರಿಸದೆ ಅದರ ಮೇಲೇ ಬೆರಳು ಎಳೆದ. ಅವ್ವ ಪಕ್ಕದಲ್ಲೇ ಇದ್ದಳು, ನೋಡಿದಳು, ಏನೂ ಅನ್ನಲಿಲ್ಲ. ಗಡಿಬಿಡಿ. ಹುಡುಗ ಅವತ್ತೂ ಚೆನ್ನಾಗಿಯೇ ಸತ್ತ.

ಊರಿಗೆ ಬಂದ ಮೇಲೆ ಜ್ವರ ಬಂತು. ಆಮೇಲೆ ಗಂಟಲು ಬಾತಿತು, ಗಂಜಿಯೂ ಇಳಿಯದಾಯಿತು. ಅರಿಶಿನ ಹಚ್ಚಿದರು, ಕೊರಳಿಗೆ ಅಂತ್ರದ ತಾಯಿತ ಕಟ್ಟಿಸಿದರು. ಹೊಸಪೇಟೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಡಾಕ್ಟರು ಬಾಯಿ ತೆರೆಸಿ ನೋಡಿ ಹೇಳಿದ್ದನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿದೆ.

"ಗಂಟಲಮಾರಿ. ನಿಮ್ಮ ಕಂಪ್ಲಿ ಕಡೆಯಿಂದ ಇನ್ನೂ ಹುಡುಗ್ರು ಬಂದಾವ. ಮೊದಲ ತರಬೇಕಿತ್ತಪ್ಪ."

ಉಸಿರು ಕಟ್ಟಿ ಹೋದ ಹುಡುಗ, ತುಟಿ ನೀಲಿಗಟ್ಟಿತ್ತು. ಅಪ್ಪ ಹಚ್ಚುತ್ತಿದ್ದ ನೀಲಿಯ ಹಾಗೆಯೇ. ಅವ್ವ ಸೆರಗಿನ ತುದಿಗೆ ಉಗುಳು ಹಚ್ಚಿ ಆ ತುಟಿಯನ್ನು ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು. ಡಾಕ್ಟರು ಬಿಡಮ್ಮ ಅಂದರು. ಅವ್ವ ತಲೆ ಎತ್ತಿ ಡಾಕ್ಟರನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿ ಹೋಗಿತ್ತು. ಹಿಂದಿನ ಓಣಿಯ ಬಡಿಗೇರ ಮಗಳೂ ಅದೇ ವಾರ ಅದೇ ರೋಗದಲ್ಲಿ ಹೋಯಿತು. ಅದರ ತುಟಿಗೆ ಯಾರು ನೀಲಿ ಹಚ್ಚಿದ್ದರು? ಇದನ್ನು ಯಾರೂ ಕೇಳಲಿಲ್ಲ.

ಅವತ್ತಿನಿಂದ ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಅಳಲಿಲ್ಲ, ಬೈಯಲಿಲ್ಲ, ತವರಿಗೆ ಹೋಗಲಿಲ್ಲ. ಅನ್ನ ಮಾಡಿದಳು, ನೀರು ಕಾಸಿದಳು, ಅವನ ಧೋತರ ಒಗೆದಳು. ಮಾತು ಮಾತ್ರ ನನ್ನ ಕೈಲಿ. ಮೂವರೂ ಒಂದೇ ಒಲೆಯ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತಿರುತ್ತಿದ್ದೆವು.

"ಹುಲಿಗಿ, ನಿಮ್ಮಪ್ಪಗ ಉಣ್ಣಾಕ ಹಾಕೇನಿ ಅಂತ ಹೇಳು."

"ಹುಲಿಗಿ, ಪಲ್ಯಕ್ಕ ಉಪ್ಪು ಸಾಲದು ಅಂತ ನಿಮ್ಮವ್ವಗ ಹೇಳು."

"ಉಪ್ಪು ಮುಂದ ಐತಿ, ಕೈ ಇಲ್ಲೇನು ಅಂತ ಕೇಳು."

ಮೊದಮೊದಲು ನಾನು ಒಂದೊಂದು ಮಾತನ್ನೂ ಹೊತ್ತು ಇತ್ತ ಅತ್ತ ಹೇಳಿದೆ. ಆಮೇಲೆ ಬೇಸರ ಬಂದು, ಕೇಳಿಸ್ತಲ್ಲ ಎಂದು ಸುಮ್ಮನೆ ಉಣ್ಣುತ್ತಿದ್ದೆ. ಆದರೂ ನಾನು ಇಲ್ಲದಿದ್ದರೆ ಆ ಮನೆಯಲ್ಲಿ ಮಾತೇ ಹುಟ್ಟುತ್ತಿರಲಿಲ್ಲ. ನಾನು ನೀರಿಗೆ ಹೋಗಿ ಬರುವಷ್ಟು ಹೊತ್ತು ಇಬ್ಬರೂ ಎರಡು ಕಂಬದ ಹಾಗೆ ಇರುತ್ತಿದ್ದರು. ಮಾತು ಹೊರುವವಳಿಗೆ ತನ್ನ ಮಾತು ಅನ್ನುವುದು ಇರುವುದಿಲ್ಲ. ಪಂಪ ನನಗೂ ತಮ್ಮನಾಗಿದ್ದ ಎಂಬುದು ಆ ಇಬ್ಬರಿಗೂ ಮರೆತೇ ಹೋಗಿತ್ತು.

ಹೀಗಿರುವಾಗ ಹಂಪಿಗೆ ಸಿನೆಮಾದವರು ಬಂದರು. ಕಪ್ಪು-ಬಿಳುಪಿನ ಕಾಲ. ರಾಜರ ಕತೆ, ಊರವರಲ್ಲೇ ನೂರಾರು ಜನರಿಗೆ ಸೈನಿಕರ ವೇಷ. ಬಣ್ಣ ಹಚ್ಚುವ ಕೈ ಸಾಲದೆ ಅಪ್ಪನನ್ನೂ ಕರೆದರು. ಮದ್ರಾಸಿನಿಂದ ಬಂದ ಮೇಕಪ್ ಮೇಸ್ತ್ರಿ ರಾಘವುಲು ಅಂತ, ದಪ್ಪನೆಯ ಮನುಷ್ಯ, ಅರ್ಧ ತೆಲುಗು ಅರ್ಧ ಕನ್ನಡ. ಅಪ್ಪ ಬರೆದ ಒಂದು ಗಾಯ ನೋಡಿ ಆತ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಏಮಯ್ಯಾ ಮಲ್ಲಪ್ಪ, ಇದು ಬೆಲ್ಲನಾ? ನೊಣ ಬಂದ್ರೆ?"

"ಖರೇ ಗಾಯಕ್ಕೂ ನೊಣ ಬರ್ತಾವಲ್ರೀ."

ರಾಘವುಲು ಹೊಟ್ಟೆ ಕುಣಿಸಿ ನಕ್ಕ. ಮರುದಿನದಿಂದ ಹೀರೋನ ಗಾಯವೇ ಅಪ್ಪನ ಪಾಲಿಗೆ ಬಂತು. ಯುದ್ಧದಲ್ಲಿ ಹಣೆಗೆ ಏಟು ಬಿದ್ದ ರಾಜಕುಮಾರ, ಆ ಗಾಯ ಇಟ್ಟುಕೊಂಡೇ ಕಲ್ಲಿನ ಮಂಟಪಗಳ ನಡುವೆ ಓಡಬೇಕು, ಬೀಳಬೇಕು, ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚಬೇಕು. ಕೆಲಸ ಒಪ್ಪವಾಗಿ ಮುಗಿದರೆ ಅಪ್ಪನನ್ನು ಮದ್ರಾಸಿಗೆ ಕರೆದೊಯ್ಯುತ್ತೇನೆ, ಸಂಸಾರ ಸಮೇತ ಬಾ ಎಂದು ರಾಘವುಲು ಹೇಳಿದ. ಅಪ್ಪ ಅದನ್ನು ಮನೆಯಲ್ಲಿ ಗೋಡೆಗೆ ಹೇಳಿದ ಹಾಗೆ ಹೇಳಿದ. ಅವ್ವ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೈ ನಿಂತಿತು.

"ಹುಲಿಗಿ, ಮದ್ರಾಸಿನ್ಯಾಗ ಸಮುದ್ರ ಐತಂತಲ್ಲ, ಹೌದನು ಅಂತ ಕೇಳು."

"ಐತಿ" ಎಂದ ಅಪ್ಪ. ನನ್ನ ಕಡೆ ನೋಡಿ ಹೇಳಬೇಕಿತ್ತು, ಅವ್ವನ ಕಡೆ ನೋಡಿ ಹೇಳಿದ. ಅವ್ವ ಮುಖ ತಿರುಗಿಸಲಿಲ್ಲ. ಮರುದಿನ ಬೆಳಗ್ಗೆ ಹೇಳದೆ ಕೇಳದೆ ರೊಟ್ಟಿ ಬಡಿದು, ಗುರೆಳ್ಳು ಪುಡಿ ಹಾಕಿ ಕಟ್ಟಿದಳು, ಮತ್ತೆ ನನ್ನನ್ನೂ ಅವನ ಜೊತೆ ಕಳಿಸಿದಳು. ಕನ್ನಡಿ ಹಿಡಿಯಲು ಅಂತ ಹೆಸರಿಗೆ. ಅಲ್ಲಿ ಏನು ನಡೆಯುತ್ತದೆ ಅಂತ ಸಂಜೆ ನನ್ನ ಬಾಯಿಂದ ಕೇಳುವುದಕ್ಕೆ. ನನಗೆ ಆಗ ಅನಿಸಿದ್ದು ಒಂದೇ. ಈ ಕೆಲಸ ನೆಟ್ಟಗೆ ನಡೆದರೆ, ಆ ಸಮುದ್ರದ ಊರಿಗೆ ಹೋದರೆ, ಇವರಿಬ್ಬರೂ ನನ್ನನ್ನು ನಡುವೆ ಕೂರಿಸಿಕೊಳ್ಳದೆ ಮಾತಾಡುತ್ತಾರೆ.

ಮಂಟಪದ ನೆರಳಲ್ಲಿ ಹೀರೋನನ್ನು ಕೂರಿಸಿ ಅಪ್ಪ ಬರೆಯುತ್ತಿದ್ದ, ನಾನು ಕನ್ನಡಿ ಹಿಡಿದು ನಿಲ್ಲುತ್ತಿದ್ದೆ. ಮೊದಲ ದಿನ ಎಡಗಡೆ ಹುಬ್ಬಿನ ಮೇಲೆ. ಎರಡನೆಯ ದಿನ ಅಪ್ಪ ತನ್ನ ಬೆರಳನ್ನು ಅಡ್ಡ ಇಟ್ಟು ಅಳೆದು, ಅದರ ಮೇಲಕ್ಕೆ ಬರೆದ. ನಾನು ಕನ್ನಡಿಯ ಹಿಂದಿನಿಂದ ಮೆಲ್ಲಗೆ, "ನಿನ್ನೆ ಕೆಳಗಿತ್ತಲ್ಲಪ್ಪ" ಅಂದೆ. ಸುಮ್ಮನಿರು ಎಂದು ಕಣ್ಣಲ್ಲೇ ಗದರಿದ. ಮೂರನೆಯ ದಿನ ಇನ್ನೊಂದು ಬೆರಳು. ನಾಟಕದವನಿಗೆ ನಿನ್ನೆ ಮುಗಿದು ಹೋದದ್ದು. ಸಿನೆಮಾದಲ್ಲಿ ನಿನ್ನೆ ಬೆಳಗಿನ ಓಟ, ಇವತ್ತಿನ ಬೀಳುವುದು, ನಾಳಿನ ಸಾಯುವುದು, ಎಲ್ಲ ಸೇರಿ ಒಂದೇ ಗಳಿಗೆ. ನಿನ್ನೆಯ ಮುಖವೇ ಇವತ್ತೂ ಇರಬೇಕು. ಇದನ್ನು ರಾಘವುಲು ಅಪ್ಪನಿಗೆ ಮೊದಲ ದಿನವೇ ಬಿಡಿಸಿ ಹೇಳಿದ್ದ. ಅಪ್ಪನಿಗೆ ತಿಳಿಯಲಿಲ್ಲ ಎಂದಲ್ಲ. ತಿಳಿದೂ ಬೆರಳು ಸರಿಸಿದ.

ಹೊಸಪೇಟೆಯ ಸ್ಟುಡಿಯೋದಲ್ಲಿ ತೊಳೆಸಿದ ಫೋಟೋಗಳು ಬಂದಾಗ ಹೊರಬಿತ್ತು. ಡೈರೆಕ್ಟರು ಫೋಟೋಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟು, "ಇವನ ಗಾಯ ನಡಕೊಂಡು ಹೊಂಟೈತಿ ನೋಡ್ರಪ್ಪ, ನಾಳೆ ಕೂದಲೊಳಗೆ ಹೋಗಿ ಮಲಗ್ತೈತಿ" ಅಂದರು. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೂರು ದಿನದ ಕೆಲಸ ಹಾಳು. ರಾಘವುಲು ಅಪ್ಪನ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದ. ಬೈಯುವುದಕ್ಕಿಂತ ಹೆಚ್ಚು ನೊಂದುಕೊಂಡವನ ಹಾಗಿದ್ದ.

"ಯಾಕಯ್ಯ ಹಿಂಗ್ ಮಾಡ್ದೆ? ಅಷ್ಟು ಹೇಳಿದ್ದೆನಲ್ಲ."

"ಒಂದ ಜಾಗದಾಗ ಬರದ್ರ ಆ ಹುಡುಗ ಉಳಿಯಂಗಿಲ್ರೀ."

"ಏನು ಮಾತಯ್ಯ ಇದು!"

"ನನ್ನ ಮಗ ಉಳೀಲಿಲ್ರೀ."

ಹೀರೋ ಸ್ವಲ್ಪ ದೂರದಲ್ಲೇ ಕುರ್ಚಿಯಲ್ಲಿ ಕೂತಿದ್ದ. ಕೇಳಿಸಿತೆಂದು ಕಾಣುತ್ತದೆ, ಕೈ ಎತ್ತಿ ಹಣೆ ಮುಟ್ಟಿಕೊಂಡ. ನಾಳೆಯಿಂದ ಈ ಮನುಷ್ಯ ನನ್ನ ಹತ್ತಿರ ಬರಬಾರದು ಅಂದ. ರಾಘವುಲು ಏನು ಮಾಡಿಯಾನು? ನಮ್ಮನ್ನು ಕಳಿಸಿದರು.

ಹೊಸಪೇಟೆಯಿಂದ ಬಂದ ಬಸ್ಸನ್ನು ಕಮಲಾಪುರದಲ್ಲಿ ಹತ್ತಿದೆವು. ಅಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಂಪ್ಲಿಯ ತನಕ ಕೂತಿದ್ದ. ಕಟ್ಟಿಕೊಂಡು ಹೋದ ರೊಟ್ಟಿ ಹಾಗೇ ವಾಪಸು ಬಂತು. ಮಧ್ಯಾಹ್ನದ ಹೊತ್ತು, ಅವ್ವ ಗಿರಣಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು. ಇಷ್ಟು ಜಲ್ದಿ ಯಾಕ ಬಂದ್ರಂತ ಕೇಳು ಅಂದಳು, ನನಗೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಷ್ಟು ಸಂಜೆ ಮುಚ್ಚಿಟ್ಟಿದ್ದನ್ನೂ ಹೇಳಿದೆ, ಗಾಯ ದಿನಾ ಒಂದು ಬೆರಳು ಸರಿಸಿದ್ದು, ಫೋಟೋ ಬಂದದ್ದು, ಕಳಿಸಿದ್ದು. ಅವ್ವ ಚೊಂಬು ಕೆಳಗಿಟ್ಟಳು. ನನ್ನನ್ನು ದಾಟಿ ಹೋಗಿ ಅಪ್ಪನ ಎದುರು ನಿಂತಳು. ಅಷ್ಟು ದಿನದ ಮೇಲೆ ಅವಳು ಅವನ ಮುಖ ನೋಡಿ ಆಡಿದ ಮೊದಲ ಮಾತು ಇದು.

"ಊರ ಮಂದಿ ಮಗಗ ಒಂದು ಬೆರಳು ಸರಿಸಿದ್ರಿ. ನನ್ನ ಮಗಗ ಯಾಕ ಸರಿಸ್ಲಿಲ್ಲ?"

ಅಪ್ಪ ಗೋಡೆಗೆ ಒರಗಿ ಕೂತ. ಏನಾದರೂ ಹೇಳಬಹುದಿತ್ತು. ಲಾರಿ ಕೆಟ್ಟಿತ್ತು ಅನ್ನಬಹುದಿತ್ತು, ನೀನೂ ಪಕ್ಕದಲ್ಲೇ ಇದ್ದೆಯಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

"ನಂದ ತಪ್ಪು. ನಾನ ಕೊಂದೆ" ಅಂದ.

ಅದನ್ನು ಕೇಳಿ ನನ್ನ ತಲೆ ಕೆಟ್ಟಿತು. ಗಂಟಲಮಾರಿ ಅಂತ ಡಾಕ್ಟರು ಹೇಳ್ಯಾರ, ನಾನು ಕೇಳೀನಿ, ಬಡಿಗೇರ ಹುಡುಗೀಗ ಯಾರು ಬಣ್ಣ ಹಚ್ಚಿದ್ರು, ಬಣ್ಣಕ್ಕ ಯಾರೂ ಸಾಯಂಗಿಲ್ಲ ಎಂದು ಕೂಗಿದೆ. ಅವ್ವ ಕಪಾಳಕ್ಕೆ ಬಾರಿಸಿದಳು. ಅಪ್ಪನೂ ಎದ್ದು ಬಂದು ಬೆನ್ನಿಗೆ ಹೊಡೆದ. ಅವತ್ತು ಅವರಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ. ತಪ್ಪು ತನ್ನದು ಎಂಬುದನ್ನು ಅಪ್ಪ ಬಿಟ್ಟುಕೊಡಲು ಒಪ್ಪಲಿಲ್ಲ, ತಪ್ಪು ಅವನದು ಎಂಬುದನ್ನು ಅವ್ವ ಬಿಡಲು ಒಪ್ಪಲಿಲ್ಲ. ಸುಮ್ಮಸುಮ್ಮನೆ ಒಂದು ರೋಗ ಬಂದು ಮಗುವನ್ನು ಒಯ್ದಿತು ಎಂದರೆ ಅವರಿಗೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಇದು ನನಗೆ ಆಗ ತಿಳಿದದ್ದಲ್ಲ, ಈಗ ಹೇಳುತ್ತಿದ್ದೇನೆ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಪ್ಪ ಮತ್ತೆ ಯಾರ ಮುಖವನ್ನೂ ಮುಟ್ಟಲಿಲ್ಲ. ಗಿರಣಿಯಲ್ಲಿ ಮೂಟೆ ಹೊತ್ತು, ಬೆನ್ನು ಬಾಗಿ, ಹಾಗೇ ಹೋದ. ಅವ್ವ ಅವನ ಹೆಣದ ಹಣೆಗೆ ವಿಭೂತಿ ಹಚ್ಚುವಾಗಲೂ ನನ್ನ ಕಡೆ ತಿರುಗಿ, ನಿಮ್ಮಪ್ಪಗ ಹೋಗಿ ಬಾ ಅಂತ ಹೇಳು ಅಂದಳು. ನಾನು ಹೇಳಿದೆ. ರಾಘವುಲು ಕೆಲವು ವರ್ಷದ ಮೇಲೆ ಇನ್ನೊಂದು ಸಿನೆಮಾಕ್ಕೆ ಹಂಪಿಗೆ ಬಂದಾಗ ಮಲ್ಲಪ್ಪನನ್ನು ಕೇಳಿಕೊಂಡು ಬಂದ, ಮಲ್ಲಪ್ಪನ ಬದಲು ನಾನು ಹೋದೆ. ಆಗೆಲ್ಲ ಸಿನೆಮಾ ಸಂಘದ ಕಟ್ಟಳೆಯಲ್ಲಿ ಹೆಂಗಸರಿಗೆ ಕೂದಲಿನ ಕೆಲಸ, ಮುಖದ ಬಣ್ಣ ಗಂಡಸರಿಗೆ ಮಾತ್ರ. ಸಂಘದ ಕಾರ್ಡಿನಲ್ಲಿ ಕೊನೆಯ ತನಕ ನಾನು ಕೂದಲು ಬಾಚುವವಳೇ. ಆದರೆ ಗಾಯ ಬಂದಾಗ ಹುಲಿಗೆಮ್ಮನನ್ನು ಕರೀರಿ ಅನ್ನುತ್ತಿದ್ದರು. ಪರದೆಯ ಹಿಂದೆ ಬರೆದು ಕೊಡುತ್ತಿದ್ದೆ, ಹೆಸರು ಬೇರೆಯವರದು ಬರುತ್ತಿತ್ತು. ತಿಂಗಳುಗಟ್ಟಲೆ ಒಂದೇ ಗಾಯವನ್ನು ಒಂದೇ ಜಾಗದಲ್ಲಿ ಬರೆದಿದ್ದೇನೆ. ಎಷ್ಟು ಜನರ ಹಣೆ ಒಡೆದಿದ್ದೇನೆ, ಎಷ್ಟು ಜನರ ತುಟಿ ನೀಲಿ ಮಾಡಿದ್ದೇನೆ. ಎಲ್ಲರೂ ಎದ್ದು ಮುಖ ತೊಳೆದುಕೊಂಡು ಊಟಕ್ಕೆ ಹೋಗಿದ್ದಾರೆ. ಅವ್ವನಿಗೆ ಇದನ್ನು ಹೇಳಿದರೆ, "ನಿನ್ನ ಕೈ ಬ್ಯಾರೆ ಇರಬೇಕು ಬಿಡು" ಅನ್ನುತ್ತಿದ್ದಳು. ನಾನು ಕೆಲಸ ಮಾಡಿದ ಒಂದು ಸಿನೆಮಾವನ್ನೂ ಅವಳು ನೋಡಲಿಲ್ಲ.

ಆ ಜಗಳದ ದಿನ ಏಟು ತಿಂದ ಮೇಲೆ ನಾನು ಅಳುತ್ತ ಕೂರಲಿಲ್ಲ. ಅಪ್ಪ ಪೆಟ್ಟಿಗೆಯನ್ನು ಬಾಗಿಲಿಗೆ ತಂದಿಟ್ಟು, ನಾಳೆ ಹೊಳಿಗೆ ಹಾಕಿ ಬಾ ಅಂದಿದ್ದ. ನಾನು ಅದನ್ನು ತೆರೆದು ಕನ್ನಡಿ ಇಟ್ಟುಕೊಂಡು, ನನ್ನ ಹಣೆಯ ಎಡಗಡೆ ಹುಬ್ಬಿನ ಮೇಲೆ ಗಾಯ ಬರೆದುಕೊಂಡೆ. ಅಪ್ಪನ ಕೈಯಷ್ಟು ಚೆಂದ ಬರಲಿಲ್ಲ, ಆದರೆ ಗಾಯ ಅಂತ ಗೊತ್ತಾಗುತ್ತಿತ್ತು. ಹಾಗೇ ಹೋಗಿ ಒಲೆಯ ಮುಂದೆ ಕೂತೆ. ಅವ್ವನ ಕೈಯಿಂದ ಸೌಟು ಬಿತ್ತು.

"ಒರಸ್ಕೋ."

"ಒರಸ್ಕೊಳ್ಳಂಗಿಲ್ಲ."

"ಮಲಗೂದ್ರೊಳಗ ಒರಸ್ಕೋ ಲೇ. ಕೈ ಮುಗೀತೀನಿ. ನೀ ಒಬ್ಬಾಕಿ ಉಳದೀ."

ನನ್ನ ಕೈ ಹಣೆಯ ತನಕ ಹೋಗಿತ್ತು, ಸುಳ್ಳು ಯಾಕೆ. ಅಪ್ಪ ಒದ್ದೆ ಬಟ್ಟೆ ತಂದು ದೂರ ನಿಂತಿದ್ದ, ಹತ್ತಿರ ಬರಲು ಅವನಿಗೆ ಧೈರ್ಯವಿರಲಿಲ್ಲ. ನಾನು ಉಂಡು, ಹಾಗೇ ಹೋಗಿ ಮಲಗಿದೆ.

ಬೆಳಗ್ಗೆ ಕಣ್ಣು ಬಿಟ್ಟಾಗ ಅವ್ವ ನನ್ನ ಒಂದು ಮಗ್ಗುಲಿಗೆ ಕೂತಿದ್ದಳು, ಅಪ್ಪ ಇನ್ನೊಂದು ಮಗ್ಗುಲಿಗೆ. ಇಬ್ಬರೂ ನನ್ನ ಉಸಿರನ್ನೇ ನೋಡುತ್ತಿದ್ದರು. ನಾನು ಎದ್ದು ಹಲ್ಲುಜ್ಜಿದೆ. ಪಾಕ ಹಣೆಗೆ ಅಂಟಿ ಚರ್ಮ ಎಳೆಯುತ್ತಿತ್ತು, ಒಂದಂಚು ದಿಂಬಿಗೆ ಹತ್ತಿ ಅಳಿಸಿಹೋಗಿತ್ತು. ಪೆಟ್ಟಿಗೆ ತೆರೆದು, ಅವರಿಬ್ಬರ ಕಣ್ಣ ಮುಂದೆಯೇ ಕೂತು, ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಸರಿಸದೆ ಮತ್ತೆ ಬರೆದುಕೊಂಡೆ. ಆಮೇಲೆ ಕೊಡ ತಗೊಂಡು ನೀರಿಗೆ ಹೋದೆ.